ಹಕೀಂ ನಂಜುಂಡನ ಊರಲ್ಲಿ ವರದಿಗಾರಿಕೆಯ ಪಾಠ

ಪಟ್ಟದಾನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನ್ ನಂಜನಗೂಡಿನ ಶ್ರೀಕಂಠೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದನಂತೆ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದದ್ದೂ ಇಲ್ಲೇ. ಅದರ ಹಲ್ಲುಪುಡಿ ಸೇರದ ಬಚ್ಚಲುಮನೆ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಕಡಿಮೆಯಿತ್ತು. ಇಂಥ ಊರೇ 2020ರ ಮಾರ್ಚ್ ಕೊನೆಯಲ್ಲಿ ರೋಗಕ್ಕೆ ಹೆಸರಾಯಿತು. ಔಷಧ ಕಾರ್ಖಾನೆಯ ನೌಕರನೊಬ್ಬನಿಗೆ ಕೊರೊನಾ ತಗುಲಿ, ಸರಣಿ 70 ದಾಟಿತು. ಮನುಷ್ಯ ಮರೆಯಾಗಿ ‘ಪಿ-52’ ಎಂಬ ರೋಗಿ ಸಂಖ್ಯೆ ಉಳಿಯಿತು. ಸೋಂಕು ಎಲ್ಲಿಂದ ಬಂತೆಂಬ ಪತ್ತೇದಾರಿಕೆಗೆ ಟಿ.ವಿ.ಗಳಲ್ಲಿ ಹೊತ್ತೋ ಹೊತ್ತು. ಸೀಲ್‌ಡೌನ್ ಆದ ಬೀದಿಯ ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ತಲುಪಿತೇ ಎಂದು ಕೇಳಲು ಅದರಲ್ಲಿ ಕಾಲುಭಾಗವಾದರೂ ಸಿಕ್ಕಿದ್ದರೆ!

ಕೂಗಳತೆಯಲ್ಲೇ ಮೈಸೂರಿದೆ. 1951ರಲ್ಲಿ ನಾಡಿಗ ಕೃಷ್ಣಮೂರ್ತಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರು ಮಾಡಿದ ಊರು. ಮಾತ್ರೆ ತಲುಪಿತೇ ಎಂಬಂಥ ಪ್ರಶ್ನೆ ಕೇಳುವುದನ್ನು ಕಲಿಯಲು ವಿದ್ಯಾರ್ಥಿಗಳನ್ನು ಸುದ್ದಿಮನೆಗೆ ಕಳಿಸುವಷ್ಟೇ ದಿನ ಆರೋಗ್ಯ ಉಪಕೇಂದ್ರಕ್ಕೂ ಕಳಿಸಬೇಕು ಎನ್ನುವವನು ನಾನು.

ಅಲ್ಲಿ ಮೊದಲ ಪಾಠ ಹೊತ್ತಿನದು. ತಿ.ನರಸೀಪುರದ ನಾಲೆ ಬಯಲಲ್ಲಿ ನಾಟಿ ಕಾಲದಲ್ಲಿ ಹನ್ನೊಂದು ಗಂಟೆಗೆ ಹೋಗಿ ನೋಡಿ, ಮನೆಗಳಿಗೆ ಬೀಗ. ಹೆಂಗಸರು ಗದ್ದೆಗಿಳಿಯುವ ಮುಂಚೆ ಬಾಗಿಲಲ್ಲಿ ನಿಲ್ಲಬೇಕೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತು, ಪಠ್ಯಕ್ಕೆ ಗೊತ್ತಿಲ್ಲ.

ಆಮೇಲೆ ಬಸುರಿಯ ತಪಾಸಣೆ, ಮಾತ್ರೆ ಬರೆದಿಡುವ ತಾಯಿ ಕಾರ್ಡ್ ಓದುವ ಪಾಠ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಈ ಅಂಕಿ ಪ್ರೆಸ್‌ನೋಟಿನಲ್ಲೇ ಸಿಗುತ್ತದೆ. ಸಿಗದಿರುವುದು ಗೂಡಿನ ಡಬ್ಬಿಯಲ್ಲಿ ಹಾಗೇ ಉಳಿದ ಮಾತ್ರೆಯ ಪಟ್ಟಿ. ಕಾರ್ಡಿನಲ್ಲಿ ‘ಕೊಡಲಾಗಿದೆ’, ಹೊಟ್ಟೆಗೆ ಹೋಗಿಲ್ಲ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಊಟದ ಹಿಂದೆಯೇ ಕುಡಿದ ಟೀ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಇಷ್ಟು ಡಾಕ್ಟರು ಹೇಳಿಯಾರು. “ಅದ ತಿಂದ್ರ ಕೂಸು ದಪ್ಪಾಯ್ತದಂತ ಕನವ್ವ, ಹೆರಿಗ ಕಷ್ಟ” ಎಂಬ ಅತ್ತೆಯ ಮಾತು ಕೇಳಬೇಕಾದರೆ ಜಗಲಿಯ ಮೇಲೆ ಕೂರಬೇಕು, ಮೊಬೈಲ್ ರೆಕಾರ್ಡರ್ ಜೇಬಿನಲ್ಲೇ ಇರಬೇಕು.

ಕಷ್ಟದ ಪಾಠ ಬರೆಯುವಾಗ ಶುರುವಾಗುತ್ತದೆ. ಬಸುರಿಯ ಹೆಸರು ಹಾಕಬಾರದು, ಅದು ಸುಲಭ. ಆದರೆ ‘ಮಾತ್ರೆ ಪೋಲು’ ಎಂದು ತಲೆಬರಹ ಕೊಟ್ಟರೆ ಮಾರನೆಯ ದಿನ ಕಾರಣ ಕೇಳುವುದು ಯಾರನ್ನು? ಗೌರವಧನಕ್ಕೆ ದುಡಿಯುವ, ಬೆಳಗ್ಗೆ ಆ ಮನೆಗೆ ದಾರಿ ತೋರಿಸಿದ ಆಶಾ ಕಾರ್ಯಕರ್ತೆಯನ್ನೇ. ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದ ಆಕೆ ಕೊನೆಗೆ ಕೇಳಿಕೊಳ್ಳುವುದು ಒಂದೇ: “ನಮ್ಮೂರ ಹೆಸ್ರು ಬರೀಬೇಡಿ ಸಾರ್.”