ತೊಗರಿ ಹೊಲದ ಮೇಲೊಂದು ಬಿಳಿ ಗುಂಡು

‘ಸರಕಾರದ್ದೇ ಏನೋ ಗುಟ್ಟಿನ ಕೆಲಸ ಅದ, ಹೊರಗ ಹೇಳಂಗಿಲ್ಲ.’ ತೊಗರಿ ರಾಶಿಯ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಆಕಾಶದಲ್ಲಿ ನಸುಕಿಗೆ ಬಿಳಿ ಗುಂಡೊಂದು ಕಂಡರೆ ಇಂಥ ಮಾತು ಹುಟ್ಟದೇ ಇರದು. ಮಾತಿನಲ್ಲಿ ಅರ್ಧ ನಿಜ. ಸರಕಾರದ್ದು ಹೌದು, ಗುಟ್ಟಿನದಲ್ಲ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರ ಹೈದರಾಬಾದಿನಲ್ಲಿದೆ. ಹಾರಾಟಕ್ಕೆ ಮೊದಲೇ ಅದು ಪತ್ರಿಕಾ ಪ್ರಕಟಣೆ ಕೊಡುತ್ತದೆ: ತೆಳು ಪ್ಲಾಸ್ಟಿಕ್ಕಿನ, ಜಲಜನಕ ತುಂಬಿದ, 50ರಿಂದ 85 ಮೀಟರ್ ಅಗಲದ ಬಲೂನುಗಳು; 30ರಿಂದ 42 ಕಿ.ಮೀ. ಎತ್ತರ, ಉಪಕರಣಗಳು ಬೀಳುವುದು ವಿಶಾಖಪಟ್ಟಣ–ಹೈದರಾಬಾದ್–ಸೊಲ್ಲಾಪುರ ರೇಖೆಯಗುಂಟ, 200–350 ಕಿ.ಮೀ. ದೂರದವರೆಗೆ. ನಕಾಶೆಯಲ್ಲಿ ಆ ಗೆರೆ ಎಳೆದು ನೋಡಿ, ಆಳಂದ ಅದರ ಮಗ್ಗುಲಲ್ಲೇ ಸಿಗುತ್ತದೆ. ಇಷ್ಟು ಬಿಚ್ಚಿ ಹೇಳಿದ ಗುಟ್ಟು ಬೇರೊಂದಿಲ್ಲ. ಆದರೆ ಒಳಪುಟದ ಪ್ರಕಟಣೆ ಓದುವವರಾರು?

‘ವಿಮಾನವಾದರೆ ಹೋಗಬೇಕು, ನಕ್ಷತ್ರವಾದರೆ ಅಷ್ಟು ದೊಡ್ಡದಿರಬಾರದು’ ಎನ್ನುವ ತರ್ಕ ಸರಿಯಾಗಿಯೇ ಇದೆ. ಆದರೆ 35 ಕಿ.ಮೀ. ಮೇಲಿರುವ ವಸ್ತು ಗಾಳಿಗೆ ತೇಲುತ್ತಿದ್ದರೂ ನಿಂತಂತೆಯೇ ಕಾಣುತ್ತದೆ. 85 ಮೀಟರಿನ ಬಲೂನು ನೆತ್ತಿಯ ಮೇಲಿದ್ದರೆ ಚಂದ್ರನ ಕಾಲುಭಾಗದಷ್ಟು ಅಗಲ. ಅಷ್ಟು ಎತ್ತರಕ್ಕೆ ನೆಲಕ್ಕಿಂತ 20–25 ನಿಮಿಷ ಮೊದಲೇ ಬಿಸಿಲು ತಾಗುವುದರಿಂದ, ಹೊಲದಲ್ಲಿ ಇನ್ನೂ ಮಬ್ಬುಗತ್ತಲಿರುವಾಗಲೇ ಅದು ಹೊಳೆಯುತ್ತದೆ. ಒಳಗೆ ದೀಪವೇನೂ ಇಲ್ಲ.

2025ರ ಜನವರಿ 18ರ ಬೆಳಿಗ್ಗೆ ಬೀದರ ಜಿಲ್ಲೆ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಹಿಂದಿನ ರಾತ್ರಿ ಹೈದರಾಬಾದಿನಿಂದ ಹಾರಿದ್ದ ಬಲೂನು ಮನೆಯೊಂದರ ಮೇಲೆಯೇ ಇಳಿದಾಗ ಊರು ಬೆದರಿತು. ಬೆದರಿದ್ದರಲ್ಲಿ ತಪ್ಪೇನಿದೆ? ಆದರೆ ನೆಲಕ್ಕೆ ಬಂದ ಮಾತ್ರಕ್ಕೆ ಕೆಟ್ಟು ಬಿತ್ತು ಅಂತಲ್ಲ. ಕೆಲಸ ಮುಗಿದ ಮೇಲೆ ಉಪಕರಣಗಳನ್ನು ಬಣ್ಣದ ಪ್ಯಾರಾಶೂಟಿನಲ್ಲಿ ಇಳಿಸುವುದೇ ಕ್ರಮ. ಉಪಕರಣದ ಪೆಟ್ಟಿಗೆ ಸಿಕ್ಕರೆ ಬಿಚ್ಚಬೇಡಿ. ಕೆಲವದರಲ್ಲಿ ಹೆಚ್ಚಿನ ವೋಲ್ಟೇಜಿನ ಭಾಗಗಳಿರುತ್ತವೆ. ಅದರ ಮೇಲಿರುವ ನಂಬರಿಗೋ ಪೊಲೀಸ್ ಠಾಣೆಗೋ ಫೋನ್ ಮಾಡಿ. ಕೈಹಚ್ಚದೆ ಉಳಿಸಿಕೊಟ್ಟವರಿಗೆ ಬಹುಮಾನವೂ ಉಂಟು.

‘ಆಕಾಶದಿಂದ ಬಿದ್ದದ್ದನ್ನು ಅಮೆರಿಕದವರು ಮುಚ್ಚಿಡಲಿಲ್ಲವೇ?’ ಮುಚ್ಚಿಟ್ಟರು. 1947ರಲ್ಲಿ ರಾಸ್ವೆಲ್ ಬಳಿ ಬಿದ್ದದ್ದನ್ನು ಸೇನೆ ಮೊದಲು ‘ಹಾರುವ ತಟ್ಟೆ’ ಎಂದಿತು, ಆಮೇಲೆ ಹವಾಮಾನದ ಬಲೂನು ಎಂದಿತು. ಸೋವಿಯತ್ ಅಣುಪರೀಕ್ಷೆಗಳ ಸದ್ದನ್ನು ಮೇಲಿನಿಂದ ಆಲಿಸಲು ನಡೆಸಿದ್ದ ‘ಮೊಗಲ್’ ಯೋಜನೆಯ ಬಲೂನು ಅದು ಎಂದು ಅಲ್ಲಿನ ವಾಯುಪಡೆಯ ವರದಿ ಹೇಳಿದ್ದು 1994ರಲ್ಲಿ. ಗುಟ್ಟು ನಿಜವೇ, ಗುಟ್ಟಿನೊಳಗಿದ್ದದ್ದು ಬಲೂನು. ನಮ್ಮ ಲಡಾಖಿನಲ್ಲಿ ಸೈನಿಕರು ಆಕಾಶದಲ್ಲಿ ಕಂಡು ತಿಂಗಳುಗಟ್ಟಲೆ ದಾಖಲಿಸಿದ್ದ ದೀಪಗಳು ಗುರು, ಶುಕ್ರ ಗ್ರಹಗಳೆಂದು 2013ರಲ್ಲಿ ಗುರುತಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಅನ್ಯಲೋಕದ ಜೀವ ಹುಡುಕುವುದನ್ನು ವಿಜ್ಞಾನಿಗಳು ಹಾಸ್ಯ ಮಾಡುತ್ತಾರೆ ಎಂಬುದೂ ಸುಳ್ಳೇ. 2005ರ ಏಪ್ರಿಲ್ 20ರಂದು ಇದೇ ಹೈದರಾಬಾದ್ ಕೇಂದ್ರದಿಂದ ಹಾರಿದ ಬಲೂನು 20–41 ಕಿ.ಮೀ. ಎತ್ತರದ ಗಾಳಿಯನ್ನು ಹಿಡಿದು ತಂದಿತು. ಜಯಂತ್ ನಾರ್ಳೀಕರ್ ಪ್ರಧಾನ ಸಂಶೋಧಕರು. ಸಿಕ್ಕ ಸೂಕ್ಷ್ಮಜೀವಿಗಳಲ್ಲಿ ಮೂರು ಬ್ಯಾಕ್ಟೀರಿಯಾ ಪ್ರಭೇದಗಳು ಹೊಸವು. ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಇಸ್ರೋ ಹೆಸರು. ಇವು ಭೂಮಿಯ ಹೊರಗಿನಿಂದಲೇ ಬಂದವೆನ್ನಲು ಖಚಿತ ಆಧಾರವಿಲ್ಲ ಎಂಬುದನ್ನೂ 2009ರಲ್ಲಿ ಫಲಿತಾಂಶದ ಜೊತೆಗೇ ಇಸ್ರೋ ಪ್ರಕಟಿಸಿತು.