ನಿಮಗಿದು ಗೊತ್ತೆ?: ಪಾದ್ರಿಯಾಗಲು ಓದುತ್ತಿದ್ದವರೂ ನಿಲ್ಲಲಿಲ್ಲ

ಪರೋಪಕಾರವೇ ವೃತ್ತಿಯ ತಿರುಳಾಗಿರುವವರು ಕಷ್ಟದಲ್ಲಿರುವವರನ್ನು ಕಂಡರೆ ನಿಂತೇ ನಿಲ್ಲುತ್ತಾರೆಯೆ? ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿ, 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ. ನಡುದಾರಿಯಲ್ಲಿ, ಬಾಗಿಲೊಂದರ ಬಳಿ ಒಬ್ಬಾತ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಕೂರಿಸಿದ್ದು ಸಂಶೋಧಕರೇ. ಬಿಡುವಿದ್ದವರಲ್ಲಿ ಶೇ 63ರಷ್ಟು ಮಂದಿ ನೆರವಾದರು. ‘ಆಗಲೇ ತಡವಾಗಿದೆ’ ಎಂದು ಅವಸರಿಸಲಾದವರಲ್ಲಿ ಶೇ 10 ಮಾತ್ರ! ಸಮಾರ್ಯದವನ ಬಗ್ಗೆಯೇ ಮಾತನಾಡಲು ಹೊರಟಿದ್ದ ಕೆಲವರು ಕೂಡ ಅವನನ್ನು ದಾಟಿಕೊಂಡು ಹೋದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳದ್ದು ಬೇರೆ ಕಥೆ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರು ಸಾಮೂಹಿಕ ನಿಧಿಗೆ ಹಾಕಿದ್ದು ತಮ್ಮ ಪಾಲಿನ ಶೇ 20 ಮಾತ್ರ. ಉಳಿದವರು ಸುಮಾರು ಅರ್ಧದಷ್ಟು ಹಾಕಿದ್ದರು. ಹಾಗೆಂದು ಅವರನ್ನು ಸ್ವಾರ್ಥಿಗಳೆಂದುಬಿಡುವುದು ಅನ್ಯಾಯ. ವಾಷಿಂಗ್ಟನ್‌ನ ತರಗತಿಗಳಲ್ಲಿ ಹಣವಿದ್ದ ಲಕೋಟೆಗಳನ್ನು ಬೇಕೆಂದೇ ಬಿಟ್ಟುಹೋದಾಗ, ಹೆಚ್ಚು ಮರಳಿ ಬಂದದ್ದು ಅರ್ಥಶಾಸ್ತ್ರದ ತರಗತಿಗಳಿಂದಲೇ.

ನಿಜಕ್ಕೂ ಚಿಂತೆಗೆ ಹಚ್ಚುವುದು ವೈದ್ಯ ವಿದ್ಯಾರ್ಥಿಗಳ ಫಲಿತಾಂಶ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನ 2009ರ ಅಧ್ಯಯನದಲ್ಲಿ, ವಿದ್ಯಾರ್ಥಿಗಳ ಅನುಕಂಪದ ಅಂಕ ಗಣನೀಯವಾಗಿ ಕುಸಿದದ್ದು ಮೂರನೇ ವರ್ಷದಲ್ಲಿ, ಅಂದರೆ ಅವರು ರೋಗಿಗಳ ನಡುವೆ ಕೆಲಸ ಶುರುಮಾಡುವ ಹೊತ್ತಿನಲ್ಲೇ. ವೈದ್ಯಕೀಯ ಪಠ್ಯಕ್ರಮ ರೂಪಿಸುವವರು ಮೊದಲು ಗಮನಿಸಬೇಕಾದದ್ದು ಈ ವರ್ಷವನ್ನು.