ಕಡಲಿನ ಸುಂಕದವನು

ಸ್ಯಾನ್ ಡಿಯೇಗೋದ ಪಾಯಿಂಟ್ ಲೋಮಾದಿಂದ ಬೆಳಗಿನ ಜಾವ ಹೊರಡುವ ದೋಣಿಗಳಲ್ಲಿ ಮೀನು ಹಿಡಿಯುವುದೇ ಕಸುಬಾದವರು ಕಡಿಮೆ. ಟಿಕೆಟ್ ಕೊಂಡು, ಗಾಳದ ಕೋಲನ್ನು ಬಾಡಿಗೆಗೆ ಪಡೆದು, ರಜೆಯ ಅರ್ಧ ದಿನವನ್ನು ಕಡಲಲ್ಲಿ ಕಳೆಯಲು ಬಂದ ಊರ ಜನರೇ ಹೆಚ್ಚು. ದೋಣಿ ಮೊದಲು ನಿಲ್ಲುವುದು ಕೊಲ್ಲಿಯೊಳಗೆ ತೇಲುವ ಎರೆಯ ತೆಪ್ಪಗಳ ಪಕ್ಕ. ಅಲ್ಲಿ ಜೀವಂತ ಆಂಚೊವಿ ಮತ್ತು ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡೀನ್‌ಗಳನ್ನು ಕೈಬಲೆಯಲ್ಲಿ ಮೊಗೆದು ದೋಣಿಯ ತೊಟ್ಟಿಗೆ ತುಂಬಿಕೊಳ್ಳುತ್ತಾರೆ. ತೆಪ್ಪದ ಹಲಗೆಗಳ ಮೇಲೆ ಕಂದು ಬಣ್ಣದ ಭಾರೀ ದೇಹಗಳು ಒಂದಕ್ಕೊಂದು ಒರಗಿ ಮಲಗಿರುತ್ತವೆ. ಒಂದೆರಡು ತಲೆ ಎತ್ತಿ ದೋಣಿಯನ್ನು ನೋಡುತ್ತವೆ. ಅವು ಕ್ಯಾಲಿಫೋರ್ನಿಯಾ ಕಡಲಸಿಂಹಗಳು.

ದೋಣಿ ಕೆಲ್ಪ್ ಪಾಚಿಯ ಕಾಡಿನ ಅಂಚಿಗೋ, ಮೆಕ್ಸಿಕೊಗೆ ಸೇರಿದ ಕೊರೊನಾಡೊ ದ್ವೀಪಗಳ ಬಳಿಗೋ ಹೋಗಿ ನಿಂತಾಗ ಅವುಗಳ ಮರುಭೇಟಿ. ಯೆಲ್ಲೋಟೇಲ್ ಮೀನು ಗಾಳ ಕಚ್ಚಿದರೆ ಕೋಲಿನ ತುದಿ ತಟತಟನೆ ಬಡಿದುಕೊಳ್ಳುತ್ತದೆ. ಮೀನು ತಲೆ ಕೊಡವುತ್ತಿರುವುದು ಅಂಗೈಗೇ ತಿಳಿಯುತ್ತದೆ. ಸ್ವಲ್ಪ ಹೊತ್ತಿನ ಎಳೆದಾಟದ ನಂತರ ಆ ಬಡಿತ ಥಟ್ಟನೆ ನಿಂತು, ಅದರ ಜಾಗದಲ್ಲಿ ಒಂದೇ ಸಮನೆ ಭಾರವಾದ ಎಳೆತ ಶುರುವಾಗುತ್ತದೆ. ರೀಲಿನಿಂದ ದಾರ ಕಿರ್ರೆನ್ನುತ್ತ ಹೋಗುತ್ತಲೇ ಇರುತ್ತದೆ. ದೂರದಲ್ಲಿ ನೀರೊಡೆದು ಕಡಲಸಿಂಹ ಮೇಲೆ ಬರುತ್ತದೆ, ಬಾಯಲ್ಲಿ ಅಡ್ಡಲಾಗಿ ಮೀನು. ಕತ್ತನ್ನು ರಭಸವಾಗಿ ಬೀಸಿ ಮೀನನ್ನು ನೀರಿಗೆ ಬಡಿಯುತ್ತದೆ, ಹರಿದ ತುಂಡನ್ನು ನುಂಗಿ ಮತ್ತೆ ಬಡಿಯುತ್ತದೆ. ಕಡಲಹಕ್ಕಿಗಳು ಚೂರುಗಳಿಗೆ ಮುತ್ತಿಕೊಳ್ಳುತ್ತವೆ. ಗಾಳ ಹಾಕಿದವನಿಗೆ ದಕ್ಕುವುದು ಹೆಚ್ಚೆಂದರೆ ಮೀನಿನ ತಲೆ. ಅಲ್ಲಿನ ಗಾಳಗಾರರು ಈ ಪ್ರಾಣಿಗೆ ಟ್ಯಾಕ್ಸ್‌ಮ್ಯಾನ್ ಎಂದೇ ಹೆಸರಿಟ್ಟಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮಗೂ ಗೊತ್ತಿರುವ ಮಾತೇ.

ಮೀನನ್ನು ನೀರಿಗೆ ಬಡಿಯುವುದಕ್ಕೆ ಕಾರಣ ಅದರ ಹಲ್ಲು. ಕಡಲಸಿಂಹದ ಹಲ್ಲುಗಳು ಮೊನಚಾದ ಗೂಟಗಳಂತಿವೆ. ಜಾರುವ ಮೀನನ್ನು ಕಚ್ಚಿ ಹಿಡಿಯಲು ಅವು ಬಹಳ ಚೆನ್ನಾಗಿವೆ, ಕತ್ತರಿಸಲು ಮಾತ್ರ ಬರುವುದಿಲ್ಲ. ಆಂಚೊವಿಯಷ್ಟು ಸಣ್ಣ ಮೀನಾದರೆ ನೀರಿನೊಳಗೇ ಇಡಿಯಾಗಿ ನುಂಗುತ್ತದೆ. ದೊಡ್ಡದಾದರೆ ಮೇಲೆ ತಂದು ಹೀಗೆ ಹರಿಯಲೇಬೇಕು. ಗಂಡಿನ ತೂಕ 350 ಕಿಲೋದವರೆಗೆ ಹೋಗುತ್ತದೆ, ಹೆಣ್ಣಿನದು ಸುಮಾರು 100 ಕಿಲೋ. ದಿನಕ್ಕೆ ದೇಹತೂಕದ ಶೇಕಡ 5ರಿಂದ 8ರಷ್ಟು ಆಹಾರ ಬೇಕು. ಅದರಲ್ಲಿ ಬಹುಪಾಲು ಆಂಚೊವಿ, ಸಾರ್ಡೀನ್, ಸ್ಕ್ವಿಡ್, ಹೇಕ್ ಮುಂತಾದವು. ಇವನ್ನು ಅದು ಯಾರ ಹಂಗೂ ಇಲ್ಲದೆ ತಾನೇ ಹಿಡಿದು ತಿನ್ನುತ್ತದೆ. ದೋಣಿಯಿಂದ ಕಸಿಯದಿದ್ದರೂ ಅದು ಉಪವಾಸ ಬೀಳುವುದಿಲ್ಲ.

ಸೀಲ್‌ಗಳ ಹತ್ತಿರದ ಸಂಬಂಧಿಯೇ ಆದರೂ ಇದರ ದೇಹದ ಕಟ್ಟು ಬೇರೆ. ತಲೆಯ ಎರಡೂ ಬದಿಗೆ ಪುಟ್ಟ ಕಿವಿಯ ಹಾಳೆಗಳಿವೆ. ಹಿಂದಿನ ಈಜುಗಾಲುಗಳನ್ನು ಹೊಟ್ಟೆಯಡಿಗೆ ತಿರುಗಿಸಿ ನೆಲದ ಮೇಲೆ ನಾಲ್ಕೂ ಕಾಲಲ್ಲಿ ನಡೆಯಬಲ್ಲದು, ಬಂಡೆ ಏರಬಲ್ಲದು. ನಿಜವಾದ ಸೀಲ್‌ಗಳಿಗೆ ಇದು ಆಗದು, ಅವು ಹೊಟ್ಟೆಯ ಮೇಲೆ ತೆವಳುತ್ತವೆ. ನೀರಿನಲ್ಲಿ ಸೀಲ್‌ಗೆ ವೇಗ ಕೊಡುವುದು ಹಿಂಭಾಗ, ಕಡಲಸಿಂಹಕ್ಕೆ ಮುಂದಿನ ಎರಡು ಉದ್ದ ಈಜುಗಾಲುಗಳು. ಅವನ್ನು ಒಮ್ಮೆ ಬೀಸಿ ಮೈಗೆ ಒತ್ತಿಕೊಂಡರೆ ದೇಹ ಮುಂದಕ್ಕೆ ಚಿಮ್ಮುತ್ತದೆ. ಅವೇ ಚುಕ್ಕಾಣಿಯ ಕೆಲಸವನ್ನೂ ಮಾಡುವುದರಿಂದ ಇಕ್ಕಟ್ಟಿನಲ್ಲೂ ಥಟ್ಟನೆ ತಿರುಗಬಲ್ಲದು. ಗಾಳದ ದಾರ ಒಂದು ಕಡೆಗೆ ಜಗ್ಗುತ್ತಿರುವ ಮೀನಿಗೆ ಇಂಥ ಬೇಟೆಗಾರನಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಅದರ ಮೀಸೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಈಜುವ ಮೀನಿನ ಬಾಲ ನೀರಿನಲ್ಲಿ ಸಣ್ಣ ಸುಳಿಗಳ ಸಾಲೊಂದನ್ನು ಬಿಟ್ಟುಹೋಗುತ್ತದೆ. ಮೀನು ದಾಟಿಹೋದ ಮೇಲೂ ಆ ಜಾಡು ತುಸು ಹೊತ್ತು ಉಳಿದಿರುತ್ತದೆ. ಪ್ರತಿ ಮೀಸೆಕೂದಲಿನ ಬುಡದಲ್ಲೂ ನರತಂತುಗಳು ಒತ್ತಾಗಿವೆ. ಕೂದಲು ತುಸು ಬಾಗಿದರೂ, ನಡುಗಿದರೂ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಜರ್ಮನಿಯ ರಾಸ್ಟಾಕ್ ವಿಶ್ವವಿದ್ಯಾಲಯದ ಸಂಶೋಧಕರು ಕಣ್ಣು ಕಟ್ಟಿದ ಪ್ರಾಣಿಗಳನ್ನು ಕೊಳಕ್ಕೆ ಬಿಟ್ಟು, ಪುಟ್ಟದೊಂದು ಆಟಿಕೆ ಜಲಾಂತರ್ನೌಕೆಯನ್ನು ಓಡಿಸಿ ನೋಡಿದರು. ಮೊದಲು ಸೀಲ್, ಆಮೇಲೆ ಕ್ಯಾಲಿಫೋರ್ನಿಯಾ ಕಡಲಸಿಂಹ, ಎರಡೂ ಮೀಸೆಯೊಂದರಿಂದಲೇ ನೌಕೆಯ ಜಾಡು ಹಿಡಿದು ಹೋದವು. ಹೊತ್ತು ಕಳೆದು ಹಳಸಿದ ಜಾಡನ್ನು ಹಿಡಿಯುವುದರಲ್ಲಿ ಸೀಲ್ ಮುಂದು, ಹೊಸ ಜಾಡಾದರೆ ಕಡಲಸಿಂಹಕ್ಕೂ ಕಷ್ಟವಿಲ್ಲ. ಗಾಳಕ್ಕೆ ಸಿಕ್ಕು ಒದ್ದಾಡುವ ಮೀನಾದರೋ ಸುತ್ತಲ ನೀರನ್ನೆಲ್ಲ ಕದಡುತ್ತದೆ. ದೋಣಿಯ ಮೇಲಿನವರು ಮೀನನ್ನು ಕಾಣುವ ಮೊದಲೇ ಕೆಳಗಿನವನಿಗೆ ಅದು ಎಲ್ಲಿದೆ ಎಂಬುದು ತಿಳಿದಿರುತ್ತದೆ. ಕಡಲಸಿಂಹಗಳನ್ನು ಎಣ್ಣೆಗೂ ಚರ್ಮಕ್ಕೂ ಕೊಲ್ಲುತ್ತಿದ್ದ ಕಾಲದಲ್ಲಿ ಇದೇ ಮೀಸೆಕೂದಲುಗಳನ್ನು ತಂಬಾಕಿನ ಪೈಪು ಶುಚಿ ಮಾಡಲು ಮಾರುತ್ತಿದ್ದರು ಎಂಬುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆ ಕೊಲ್ಲುವಿಕೆಗೆ ಅಮೆರಿಕದಲ್ಲಿ ಕಟ್ಟುನಿಟ್ಟಿನ ತಡೆ ಬಂದದ್ದು 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯಿಂದ. 1975ರಲ್ಲಿ 90,000ಕ್ಕಿಂತ ಕಡಿಮೆಯಿದ್ದ ಸಂಖ್ಯೆ 2012ರ ಹೊತ್ತಿಗೆ 3 ಲಕ್ಷ ದಾಟಿತು. ಆಮೇಲೆ ಕಡಲು ಬಿಸಿಯಾದ ವರ್ಷಗಳಲ್ಲಿ ತಾಯಂದಿರಿಗೆ ಮೀನು ಸಾಲದೆ ಮರಿಗಳು ಸೊರಗಿ ದಡಕ್ಕೆ ಬಿದ್ದವು, ಸಂಖ್ಯೆಯೂ ಇಳಿಯಿತು. ಹಾಗಿದ್ದರೂ ದಕ್ಷಿಣ ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳಲ್ಲಿ ಮರಿ ಹಾಕುವ ಈ ಪ್ರಾಣಿ ಇಂದು ಆ ಕಡಲಿನ ಎಲ್ಲೆಡೆ ಕಾಣಸಿಗುತ್ತದೆ. ಕಾಯ್ದೆಯ ಪ್ರಕಾರ ಅದಕ್ಕೆ ಗಾಯ ಮಾಡುವುದು, ಕೊಲ್ಲುವುದು ಮಾತ್ರವಲ್ಲ, ತಿನ್ನಲು ಕೊಡುವುದೂ ಅಪರಾಧ. ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇಡೀ ಸಮಸ್ಯೆಯ ಬೇರು ಇರುವುದು ಅಲ್ಲೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಸಿಯುವುದು ಕಡಲಸಿಂಹದ ಹುಟ್ಟುಗುಣವಲ್ಲ, ಕಲಿತ ವಿದ್ಯೆ.

ಕಲಿಯುವುದರಲ್ಲಿ ಅದರ ಸಾಮರ್ಥ್ಯ ದೊಡ್ಡದು. ಸಾಂಟಾ ಕ್ರೂಜ್‌ನ ಪ್ರಯೋಗಾಲಯದಲ್ಲಿದ್ದ ರಿಯೊ ಎಂಬ ಹೆಣ್ಣು ಕಡಲಸಿಂಹಕ್ಕೆ ಒಂದೇ ಬಗೆಯ ಚಿತ್ರಗಳನ್ನು ಜೋಡಿಸುವ ಆಟ ಕಲಿಸಿದ್ದರು. 10 ವರ್ಷ ಆ ಆಟವನ್ನೇ ಆಡಿಸದೆ ಬಿಟ್ಟು ಮತ್ತೆ ಮುಂದಿಟ್ಟಾಗ, ಅದು ಹೊಸ ಚಿತ್ರಗಳನ್ನೂ ಅದೇ ನಿಯಮದಂತೆ ಜೋಡಿಸಿತು. ಇಂಥ ನೆನಪಿರುವ ಪ್ರಾಣಿಗೆ ಎಂಜಿನ್ ನಿಂತ ಸದ್ದು, ಎರೆಮೀನು ನೀರಿಗೆ ಬಿದ್ದ ಸದ್ದು, ಒದ್ದಾಡುವ ಮೀನು, ಈ ಮೂರನ್ನು ಒಂದರ ಹಿಂದೊಂದು ಪೋಣಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಕಲಿತದ್ದನ್ನು ಮರೆಸುವುದು ಎಷ್ಟು ಕಷ್ಟ ಎಂಬುದಕ್ಕೆ ಸಿಯಾಟಲ್‌ನ ಬ್ಯಾಲರ್ಡ್ ಜಲದ್ವಾರದ ಕಥೆಯೇ ಸಾಕ್ಷಿ. 1980ರ ದಶಕದಲ್ಲಿ ಕೆಲವು ಗಂಡು ಕಡಲಸಿಂಹಗಳು ಮೀನುಗಳು ಮೇಲೇರಲೆಂದು ಕಟ್ಟಿದ ಅಲ್ಲಿನ ಮೀನೇಣಿಯ ಬಾಯಲ್ಲಿ ನಿಂತು, ಮೊಟ್ಟೆಯಿಡಲು ನದಿಗೆ ಮರಳುವ ಸ್ಟೀಲ್‌ಹೆಡ್ ಮೀನುಗಳನ್ನು ಹಿಡಿಯತೊಡಗಿದವು. ಜನ ಅವುಗಳಿಗೆ ಹರ್ಷೆಲ್ ಎಂದು ಹೆಸರಿಟ್ಟರು. ಕೆಲವು ಚಳಿಗಾಲಗಳಲ್ಲಿ ಬಂದ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳ ಪಾಲಾದವು. ಪಟಾಕಿ ಸಿಡಿಸಿದರು, ರಬ್ಬರ್ ಗುಂಡು ಹೊಡೆದರು, ಕಹಿ ಬೆರೆಸಿದ ಮೀನು ಕೊಟ್ಟರು. ಹಿಡಿದು ದೂರದ ಕ್ಯಾಲಿಫೋರ್ನಿಯಾದವರೆಗೆ ಸಾಗಿಸಿದರೂ ಕೆಲವು ಒಂದೂವರೆ ತಿಂಗಳೊಳಗೆ ಈಜಿ ಹಿಂದಿರುಗಿದವು. ಕೊನೆಗೆ ಅವನ್ನು ಹೆದರಿಸಲು ಫೈಬರ್‌ಗ್ಲಾಸಿನ ಓರ್ಕಾ ತಿಮಿಂಗಿಲವನ್ನೂ ನೀರಿಗಿಳಿಸಿ ನೋಡಿದರು, ಅದೂ ನಡೆಯಲಿಲ್ಲ. ಅಷ್ಟರಲ್ಲಿ ಅಲ್ಲಿನ ಸ್ಟೀಲ್‌ಹೆಡ್ ಸಂತತಿ ನೂರರೊಳಗೆ ಕುಸಿದಿತ್ತು. 2015ರಲ್ಲಿ ಒರೆಗಾನ್‌ನ ಅಸ್ಟೋರಿಯಾ ಬಂದರಿನವರು ಇನ್ನೊಂದು ನಕಲಿ ಓರ್ಕಾ ತರಿಸಿದರು. ಅದು ಹಡಗೊಂದರ ಅಲೆಗೆ ಮಗುಚಿ ಬಿತ್ತು.

ಈ ವಿದ್ಯೆ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬುದು ಇನ್ನೂ ಮುಖ್ಯ. ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟು ಕಡಲಿನಿಂದ ಸುಮಾರು 235 ಕಿಲೋಮೀಟರ್ ಒಳಗಿದೆ. ಅಲ್ಲಿಗೂ ಕಡಲಸಿಂಹಗಳು ಸಾಲ್ಮನ್ ಹುಡುಕಿ ಬಂದವು. ಯಾವ ಪ್ರಾಣಿ ಯಾವಾಗ ಬಂತು, ನದೀಮುಖದಲ್ಲಿ ಯಾವುದರ ಜೊತೆಗಿತ್ತು ಎಂಬ ದಾಖಲೆಗಳನ್ನು ಜ್ಯಾಕರಿ ಶ್ಯಾಕ್ನರ್ ಮತ್ತು ಸಂಗಡಿಗರು ರೋಗ ಹರಡುವಿಕೆಯನ್ನು ಲೆಕ್ಕಹಾಕುವ ಗಣಿತಕ್ಕೆ ಹಾಕಿ 2016ರಲ್ಲಿ ಪ್ರಕಟಿಸಿದರು. ಅಣೆಕಟ್ಟಿನ ದಾರಿ ಬಲ್ಲವುಗಳ ಸಹವಾಸದಿಂದಲೇ ಹೊಸಬರು ಅದನ್ನು ಕಲಿತಿದ್ದವು. ಮೊದಮೊದಲ ಕೆಲವನ್ನು ಬೇಗ ತೆಗೆದಿದ್ದರೆ ಅಷ್ಟೊಂದು ಸಂಖ್ಯೆ ಬೆಳೆಯುತ್ತಿರಲಿಲ್ಲ ಎಂದು ಅವರ ಲೆಕ್ಕ ತೋರಿಸಿತು. ಅಣೆಕಟ್ಟಿನಂಥ ಇಕ್ಕಟ್ಟಿನ ಜಾಗದಲ್ಲಿ, ಅಳಿವಿನಂಚಿನ ಮೀನನ್ನು ಉಳಿಸಲು, ಕಡಲಸಿಂಹಗಳನ್ನು ಕೊಲ್ಲಲು ಸರ್ಕಾರಿ ಸಂಸ್ಥೆಗಳಿಗೆ ಅನುಮತಿ ಸಿಗುತ್ತದೆ. ಇದು ನೋವಿನ ನಿರ್ಧಾರ, ಆದರೂ ಅಲ್ಲಿ ಬೇರೆ ದಾರಿ ಇರಲಿಲ್ಲವೆಂದೇ ನನಗನಿಸುತ್ತದೆ. ವಿಶಾಲ ಕಡಲಲ್ಲಿ ರಜೆಯ ಗಾಳಗಾರರ ದೋಣಿಗಳಿಗೆ ಈ ಮಾತು ಹೊಂದುವುದಿಲ್ಲ, ಹೊಂದಲೂಬಾರದು.

ಹಾಗಾದರೆ ದೋಣಿಯಲ್ಲಿ ಮಾಡಬೇಕಾದದ್ದೇನು? ನುರಿತ ಕ್ಯಾಪ್ಟನ್ನರು ಕಡಲಸಿಂಹ ಒಂದು ಮೀನು ಕಸಿದ ಕೂಡಲೇ ದಾರಗಳನ್ನೆಲ್ಲ ಮೇಲೆತ್ತಿಸಿ ಜಾಗ ಬಿಡುತ್ತಾರೆ. ಮೀನು ಚೆನ್ನಾಗಿ ಕಚ್ಚುತ್ತಿರುವ ಜಾಗ ಬಿಡಲು ಪ್ರಯಾಣಿಕರಿಗೆ ಮನಸ್ಸಿರುವುದಿಲ್ಲ, ಇನ್ನೊಂದು ಪ್ರಯತ್ನ ಮಾಡೋಣ ಎನ್ನುತ್ತಾರೆ. ಆದರೆ ಅಲ್ಲೇ ನಿಂತರೆ ಎರಡನೆಯ ಮೀನೂ ಅದರ ಬಾಯಿಗೆ ಹೋಗಿ ಪಾಠ ಗಟ್ಟಿಯಾಗುತ್ತದೆ. ಮೀನುಗಳನ್ನು ಸೆಳೆಯಲು ಎರೆ ಎಸೆಯುವಾಗಲೂ ಕೈ ಬಿಗಿ ಹಿಡಿಯಬೇಕು, ಒಮ್ಮೆಗೆ ಎರಡು ಮೂರು ಸಾಕು. ಸತ್ತ ಎರೆ, ಬೇಡದ ಮೀನು, ಕೊಯ್ದು ಉಳಿದ ತಲೆ ಮೂಳೆಗಳನ್ನು ದೋಣಿ ನಿಂತಲ್ಲಿ ನೀರಿಗೆ ಹಾಕಲೇಬಾರದು. ಮುಚ್ಚಳವಿರುವ ಡಬ್ಬದಲ್ಲಿಟ್ಟು ದಡಕ್ಕೆ ತಂದರೆ ಆಯಿತು.

ದಾರದ ವಿಷಯದಲ್ಲೂ ಲೆಕ್ಕಾಚಾರವಿದೆ. ತೆಳು ದಾರದಲ್ಲಿ ಮೀನನ್ನು ಆಡಿಸಿ ದಣಿಸುವುದು ಗಾಳಗಾರನಿಗೆ ಸಂತೋಷ. ಕಡಲಸಿಂಹ ಸುತ್ತುತ್ತಿರುವಾಗ ಆ ಪ್ರತಿ ನಿಮಿಷವೂ ಅದಕ್ಕೆ ಸಿಕ್ಕ ಅವಕಾಶ. 20 ಪೌಂಡಿನ ದಾರದ ಬದಲು 40 ಪೌಂಡಿನದನ್ನು ಹಾಕಿ, ಬ್ರೇಕ್ ಬಿಗಿದು, ಮೀನನ್ನು ನೇರವಾಗಿ ಎಳೆದುಕೊಳ್ಳುವುದು ಜಾಣತನ. ಕಡಲಸಿಂಹ ಬೆನ್ನಟ್ಟಿದ್ದು ಕಂಡರೆ ಕೆಲವರು ತದ್ವಿರುದ್ಧ ಮಾಡುತ್ತಾರೆ. ರೀಲಿನ ಹಿಡಿತವನ್ನು ಪೂರ್ತಿ ಸಡಿಲಿಸಿ, ಮೀನು ತನ್ನ ವೇಗದಲ್ಲೇ ಓಡಿ ಪಾರಾಗಲಿ ಎಂದು ಬಿಡುತ್ತಾರೆ.

ಆಳದಲ್ಲಿ ಬದುಕುವ ರಾಕ್‌ಫಿಶ್ ಮೀನು ಹಿಡಿಯುವವರ ಪಾಡು ಬೇರೆ. 60 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಏಳು ಪಟ್ಟು. ಅಲ್ಲಿಂದ ಎಳೆದು ತಂದ ಮೀನಿನ ಗಾಳಿಚೀಲ ಉಬ್ಬಿ, ಹೊಟ್ಟೆ ಬಾಯಿಗೆ ಬಂದು, ಕಣ್ಣುಗುಡ್ಡೆ ಹೊರಚಾಚುತ್ತದೆ. ಗಾತ್ರ ಸಾಲದೆಂದೋ ಹಿಡಿಯಬಾರದ ಜಾತಿಯೆಂದೋ ಬಿಟ್ಟರೆ ಅದು ಮುಳುಗಲಾಗದೆ ತೇಲುತ್ತದೆ, ಕಡಲಸಿಂಹಕ್ಕೆ ಶ್ರಮವಿಲ್ಲದ ಊಟ. ಇದೇ ಬಳಗದ ಯೆಲ್ಲೋಐ ನೂರು ವರ್ಷಕ್ಕೂ ಮೀರಿ ಬದುಕುವ ಮೀನು. ಅದನ್ನು ಹೀಗೆ ಕಳೆದುಕೊಳ್ಳುವುದು ದೊಡ್ಡ ನಷ್ಟ. ಭಾರ ಕಟ್ಟಿದ ಚಿಮುಟದಂಥ ಸಾಧನದಿಂದ ಮೀನಿನ ತುಟಿ ಹಿಡಿದು ಆಳಕ್ಕೆ ಇಳಿಸಿದರೆ ಒತ್ತಡಕ್ಕೆ ಗಾಳಿ ಮತ್ತೆ ಕುಗ್ಗುತ್ತದೆ, ಮೀನು ಈಜಿ ಹೋಗುತ್ತದೆ. ಇಳಿಸುವ ದಾರಿಯಲ್ಲಿ ಕಡಲಸಿಂಹ ಹಿಡಿಯಲಾರದೆಂದೇನಿಲ್ಲ. ಆಳ ಅದಕ್ಕೆ ಅಡ್ಡಿಯಲ್ಲ. 300 ಮೀಟರ್ ಮುಳುಗಿದ ಹೆಣ್ಣು ಕಡಲಸಿಂಹವೊಂದರ ರಕ್ತದ ಆಮ್ಲಜನಕವನ್ನು ಅಳೆದ ಬರ್ಗಿಟ್ಟೆ ಮ್ಯಾಕ್‌ಡೊನಾಲ್ಡ್ ಮತ್ತು ಪಾಲ್ ಪೊಂಗಾನಿಸ್, ಸುಮಾರು 225 ಮೀಟರಿನಲ್ಲಿ ಅದರ ಶ್ವಾಸಕೋಶ ಮಡಚಿಕೊಂಡು, ಮೇಲೇರುವಾಗ ಮತ್ತೆ ತೆರೆದುಕೊಳ್ಳುವುದನ್ನು 2012ರಲ್ಲಿ ತೋರಿಸಿದ್ದಾರೆ. ಆದರೂ ಬೇಗ ಇಳಿಸಿದ ಮೀನಿಗೆ ತೇಲುವ ಮೀನಿಗಿಂತ ಉಳಿಯುವ ಅವಕಾಶ ಎಷ್ಟೋ ಹೆಚ್ಚು.

ಸದ್ದು ಮಾಡಿ ಓಡಿಸುವ ಉಪಾಯಗಳು ಬಹಳ ಬಾಳುವುದಿಲ್ಲ. ನೀರಿನಲ್ಲಿ ಸಿಡಿಯುವ ಪಟಾಕಿಗೆ ಮೊದಲು ಹೆದರಿದ ಪ್ರಾಣಿ, ಸದ್ದಾದ ಕಡೆ ಮೀನಿದೆ ಎಂಬುದನ್ನು ಬೇಗ ಅರಿತುಕೊಳ್ಳುತ್ತದೆ, ಆಮೇಲೆ ಆ ಸದ್ದೇ ಊಟದ ಗಂಟೆ. ತೀರ ಹತ್ತಿರ ಸಿಡಿದರೆ ಅದರ ಕಿವಿಗೂ ಪಕ್ಕದ ಮೀನುಗಳಿಗೂ ಪೆಟ್ಟು. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಥಾಮಸ್ ಗೋಟ್ಸ್ ಮತ್ತು ವಿನ್ಸೆಂಟ್ ಯಾನಿಕ್ ಬೇರೆ ಹಾದಿ ಹಿಡಿದರು. ಶಬ್ದ ಎಷ್ಟು ಜೋರು ಎಂಬುದಕ್ಕಿಂತ ಎಷ್ಟು ಥಟ್ಟನೆ ಏರುತ್ತದೆ ಎಂಬುದು ಮುಖ್ಯ. ಕ್ಷಣಾರ್ಧದಲ್ಲಿ ಏರುವ ಸದ್ದು ಸಸ್ತನಿಗಳ ಬೆಚ್ಚಿಬೀಳುವ ಪ್ರತಿಕ್ರಿಯೆಯನ್ನು ಕೆರಳಿಸುತ್ತದೆ. ಬೂದು ಸೀಲ್‌ಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಮತ್ತೆಮತ್ತೆ ಬೆಚ್ಚಿದ ಸೀಲ್‌ಗಳು ಸದ್ದಿಗೆ ಒಗ್ಗಿಕೊಳ್ಳಲಿಲ್ಲ, ಊಟವಿದ್ದ ಜಾಗವನ್ನೇ ತೊರೆದವು. ಬ್ಯಾಲರ್ಡ್‌ನಲ್ಲೂ ಈ ತಂತ್ರವನ್ನು ಪರೀಕ್ಷಿಸಿದ್ದಾರೆ.

ಕಸಿಯುವ ಪ್ರಾಣಿಗೂ ಇದರಲ್ಲಿ ಅಪಾಯವಿದೆ. ಮೀನಿನ ಜೊತೆ ಗಾಳದ ಕೊಕ್ಕೆಯೂ ಒಳಗೆ ಹೋಗುತ್ತದೆ, ತುಟಿಗೆ, ಗಂಟಲಿಗೆ, ಕೆಲವೊಮ್ಮೆ ಹೊಟ್ಟೆಗೆ ಸಿಕ್ಕಿಕೊಳ್ಳುತ್ತದೆ. ದಾರ ಕುತ್ತಿಗೆಗೆ ಸುತ್ತಿಕೊಂಡರೆ, ಬೆಳೆಯುತ್ತಿರುವ ಮರಿಯ ಚರ್ಮವನ್ನು ದಿನದಿನಕ್ಕೂ ಕೊಯ್ಯುತ್ತ ಹೋಗುತ್ತದೆ. ಆದ್ದರಿಂದ ಮೀನು ಅದರ ಬಾಯಿಗೆ ಸೇರಿದ ಮೇಲೆ ಹಟ ಹಿಡಿದು ಜಗ್ಗಾಡುತ್ತ ಇನ್ನೂರು ಮೀಟರ್ ದಾರ ಬಿಟ್ಟುಕೊಡುವುದು ತಪ್ಪು. ರೀಲಿನ ಮೇಲೆ ಹೆಬ್ಬೆರಳೊತ್ತಿ, ಅದು ಹತ್ತಿರವಿರುವಾಗಲೇ ದಾರ ಕಡಿಯುವಂತೆ ಮಾಡಿದರೆ ನೀರಿಗೆ ಹೋಗುವ ದಾರ ಕಡಿಮೆಯಾಗುತ್ತದೆ. ಕೊಕ್ಕೆ ಚುಚ್ಚಿಕೊಂಡ ಕಡಲಸಿಂಹ ಬಂದರಿನಲ್ಲಿ ಮಲಗಿರುವುದು ಕಂಡರೆ ಹತ್ತಿರ ಹೋಗದೆ ರಕ್ಷಣಾ ಕೇಂದ್ರಕ್ಕೆ ತಿಳಿಸಬೇಕು. ಸಾಸಲಿಟೋದಲ್ಲಿ 1975ರಿಂದ ನಡೆಯುತ್ತಿರುವ ಕಡಲ ಸಸ್ತನಿ ಕೇಂದ್ರದಂಥ ಕಡೆಗಳಲ್ಲಿ ಪಶುವೈದ್ಯರು ಅರಿವಳಿಕೆ ಕೊಟ್ಟು ಕೊಕ್ಕೆ ತೆಗೆದು, ಗಾಯ ಮಾಗಿದ ಮೇಲೆ ಪ್ರಾಣಿಯನ್ನು ಮತ್ತೆ ಕಡಲಿಗೆ ಬಿಡುತ್ತಾರೆ.